ಎದುರಾಡಲಾರದವರ ಮಾತು

ಕ್ರಿ.ಶ. 453ರಲ್ಲಿ ಹೂಣರ ದೊರೆ ಅಟಿಲ ಸತ್ತ. ಮದುವೆಯ ರಾತ್ರಿಯೇ ಮೂಗಿನಿಂದ ರಕ್ತ ಸುರಿದು ಸತ್ತನಂತೆ. ಅವನ ಜನ ತಲೆಗೂದಲು ಕತ್ತರಿಸಿಕೊಂಡರು, ಅಲಗಿನಿಂದ ಮುಖ ಕೊಯ್ದುಕೊಂಡರು. ಅಂಥ ವೀರನಿಗೆ ಹೆಂಗಸರ ಕಣ್ಣೀರು ಸಾಲದು, ಗಂಡಸರ ನೆತ್ತರೇ ಬೇಕು ಎಂಬುದು ಅವರ ಎಣಿಕೆ. ಬಯಲಿನ ನಡುವೆ ರೇಷ್ಮೆಯ ಡೇರೆಯಲ್ಲಿ ಹೆಣವನ್ನಿಟ್ಟು, ಆಯ್ದ ಕುದುರೆ ಸವಾರರು ಅದರ ಸುತ್ತ ಸುತ್ತುತ್ತ ಅವನ ಗುಣವನ್ನು ಹಾಡಿ ಹೊಗಳಿದರು. ಆ ಹಾಡಿನ ತಿರುಳು ಇಂದಿಗೂ ಉಳಿದಿದೆ, ಆದರೆ ಲ್ಯಾಟಿನ್ ಗದ್ಯದಲ್ಲಿ. ಹೂಣರ ನಾಲಗೆಯ ಮೇಲೆ ಅದು ಹೇಗಿತ್ತು, ಸತ್ತ ದೊರೆಯನ್ನು ಅವರು ಏನೆಂದು ಕರೆದರು, ಯಾವ ಸಾಲನ್ನು ಮತ್ತೆ ಮತ್ತೆ ಹೇಳಿದರು, ಒಂದೂ ತಿಳಿಯದು.

ಇವರೇನು ಮೂಲೆಯಲ್ಲಿ ಬದುಕಿ ಸದ್ದಿಲ್ಲದೆ ಹೋದ ಜನವಲ್ಲ. 370ರ ದಶಕದಲ್ಲಿ ವೋಲ್ಗಾ ನದಿಯಾಚೆಯ ಹುಲ್ಲುಗಾವಲಿನಿಂದ ಬಂದು ಅಲನ್ನರನ್ನು ಮಣಿಸಿದರು, ಗಾಥರು ಡಾನ್ಯೂಬ್ ದಾಟಿ ಓಡುವಂತೆ ಮಾಡಿದರು. ಹಾಗೆ ಓಡಿಬಂದ ಗಾಥರೇ 378ರಲ್ಲಿ ಏಡ್ರಿಯಾನೋಪಲ್‌ನ ಯುದ್ಧದಲ್ಲಿ ರೋಮಿನ ಚಕ್ರವರ್ತಿ ವ್ಯಾಲೆನ್ಸನ ಸೈನ್ಯವನ್ನು ಮುರಿದರು, ಚಕ್ರವರ್ತಿಯೂ ಅಲ್ಲೇ ಸತ್ತ. ಅಟಿಲನ ಕಾಲಕ್ಕೆ ಪೂರ್ವ ರೋಮ್ ಸಾಮ್ರಾಜ್ಯ ಹೂಣರಿಗೆ ವರ್ಷಕ್ಕೆ 2,100 ಪೌಂಡ್ ಚಿನ್ನವನ್ನು ಕಪ್ಪವಾಗಿ ಕೊಡಲು ಒಪ್ಪಿತ್ತು. ಅಷ್ಟು ಚಿನ್ನ ಎಣಿಸಿಕೊಂಡವರ ಭಾಷೆಯಲ್ಲಿ ಒಂದು, ಎರಡು, ಮೂರಕ್ಕೆ ಏನೆನ್ನುತ್ತಿದ್ದರು ಎಂಬುದು ಇಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ.

ಹೂಣ ನುಡಿಗೆ ಸೇರಿದವಿರಬಹುದು ಎಂದು ವಿದ್ವಾಂಸರು ಚರ್ಚಿಸುತ್ತ ಬಂದಿರುವ ಪದಗಳು ಮೂರು: ಮೆದೋಸ್, ಕಾಮೋನ್, ಸ್ಟ್ರಾವ. ಜೊತೆಗೆ ಒಂದು ನದಿಯ ಹೆಸರು, ಒಂದಷ್ಟು ಜನರ ಮತ್ತು ಕುಲಗಳ ಹೆಸರು. ಒಂದು ವಾಕ್ಯವಿಲ್ಲ, ಒಂದು ಕ್ರಿಯಾಪದವಿಲ್ಲ. ಅದು ತುರ್ಕಿಯೋ, ಮಂಗೋಲಿಯೋ, ಇರಾನಿಯೋ, ಸೈಬೀರಿಯಾದ ಯಾವುದೋ ನುಡಿಯೋ ಎಂಬ ವಾದ ತಲೆಮಾರುಗಳಿಂದ ನಡೆದಿದೆ. ಆ ವಾದದಲ್ಲಿ ತೀರ್ಪು ಹೇಳುವ ಅಧಿಕಾರ ನನಗಿಲ್ಲ. ನನ್ನನ್ನು ಹಿಡಿದಿಟ್ಟಿರುವುದು ಇನ್ನೊಂದು ಸಂಗತಿ. ಆ ಖಾಲಿ ಜಾಗದ ಮುಂದೆ ನಿಂತು ಒಬ್ಬೊಬ್ಬರು ಒಂದೊಂದು ರೀತಿ ನಡೆದುಕೊಂಡಿದ್ದಾರೆ. ತಿರುಗಿ ಮಾತಾಡಲಾರದವರ ವಿಷಯದಲ್ಲಿ ಮನುಷ್ಯ ಹೇಗಿರುತ್ತಾನೆ ಎಂಬುದನ್ನು ನೋಡಲು ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಸಿಕ್ಕಿಲ್ಲ.

ಮೂರರಲ್ಲಿ ಎರಡು ಪದಗಳನ್ನು ಬರೆದಿಟ್ಟವನು ಪ್ರಿಸ್ಕಸ್, ಪಾನಿಯಂ ಎಂಬ ಊರಿನ ಗ್ರೀಕ್ ಪಂಡಿತ. 449ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ರಾಜದೂತ ಮ್ಯಾಕ್ಸಿಮಿನಸ್‌ನ ಜೊತೆ ಅಟಿಲನ ಬೀಡಿಗೆ ಹೊರಟವನು. ದಾರಿಯಲ್ಲಿ ನಾಯಿಸ್ಸುಸ್ ನಗರ ಸಿಕ್ಕಿತು, ಇಂದಿನ ಸರ್ಬಿಯಾದ ನಿಶ್. ಹೂಣರು ಅದನ್ನು ಕೆಡವಿ ಕೆಲವು ವರ್ಷಗಳಾಗಿದ್ದವು. ಊರಿನಲ್ಲಿ ಜನರಿಲ್ಲ, ಇಗರ್ಜಿಗಳಲ್ಲಿ ಒಂದಿಷ್ಟು ಕಾಯಿಲೆಯವರು ಬಿದ್ದುಕೊಂಡಿದ್ದಾರೆ, ಹೊಳೆಯ ದಡದ ತುಂಬ ಸತ್ತವರ ಎಲುಬು. ಡೇರೆ ಹಾಕಲು ಎಲುಬಿಲ್ಲದ ಜಾಗ ಹುಡುಕಬೇಕಾಯಿತು ಎಂದು ಅವನೇ ಬರೆಯುತ್ತಾನೆ. ಹೂಣರನ್ನು ದ್ವೇಷಿಸಲು ಅವನಿಗೆ ಇದಕ್ಕಿಂತ ಕಾರಣ ಬೇಕಿರಲಿಲ್ಲ.

ಮುಂದೆ ಡಾನ್ಯೂಬಿನಾಚೆಯ ಹಳ್ಳಿಗಳಲ್ಲಿ ಇವರಿಗೆ ಊಟ ಸಿಕ್ಕಿತು. ಗೋಧಿಯ ಬದಲು ಕಿರುಧಾನ್ಯ. ದ್ರಾಕ್ಷಾರಸದ ಬದಲು ಒಂದು ಪಾನೀಯ, ಅದನ್ನು ಅಲ್ಲಿನವರು ಮೆದೋಸ್ ಎನ್ನುತ್ತಾರೆ. ಆಳುಗಳಿಗೆ ಕೊಟ್ಟದ್ದು ಬಾರ್ಲಿಯಿಂದ ಮಾಡಿದ್ದು, ಅದನ್ನು ಕಾಮೋನ್ ಎನ್ನುತ್ತಾರೆ. ಒಂದು ರಾತ್ರಿ ಕೆರೆಯ ಬದಿಯಲ್ಲಿ ಬಿರುಗಾಳಿ ಎದ್ದು ಇವರ ಡೇರೆ, ಸಾಮಾನು ಎಲ್ಲ ನೀರುಪಾಲಾದವು. ಕತ್ತಲಲ್ಲಿ ಕೂಗಿಕೊಳ್ಳುತ್ತ ಓಡಿದಾಗ ಹಳ್ಳಿಯವರು ಜೊಂಡು ಹೊತ್ತಿಸಿ ಬೆಳಕು ಹಿಡಿದು ಬಂದರು, ಮನೆಗೆ ಕರೆದೊಯ್ದು ಬೆಂಕಿ ಹಾಕಿ ಮೈ ಕಾಯಿಸಿದರು. ಆ ಊರಿನ ಒಡತಿ ಅಟಿಲನ ಅಣ್ಣ ಬ್ಲೇದನ ಹೆಂಡತಿಯರಲ್ಲಿ ಒಬ್ಬಳು, ಆಗ ವಿಧವೆ. ಅವಳು ಊಟ ಕಳಿಸಿದಳು. ಹೊರಡುವಾಗ ಇವರು ಅವಳಿಗೆ ಮೂರು ಬೆಳ್ಳಿಯ ಬಟ್ಟಲು, ಕೆಂಪು ಚರ್ಮ, ಖರ್ಜೂರ ಮತ್ತು ಭಾರತದ ಮೆಣಸು ಕೊಟ್ಟರು. ಆ ಕಾಲದಲ್ಲಿ ರೋಮಿಗೆ ಹೋಗುತ್ತಿದ್ದ ಕಾಳುಮೆಣಸಿನಲ್ಲಿ ಬಹುಪಾಲು ನಮ್ಮ ಪಶ್ಚಿಮ ಕರಾವಳಿಯ ಬಂದರುಗಳಿಂದ ಹಡಗು ಹತ್ತಿದ್ದು. ಹಾಗಾಗಿ ಘಟ್ಟದ ಬಳ್ಳಿಯ ಒಂದು ಹಿಡಿ ಕಾಳು ಹೂಣರ ಅಡುಗೆಮನೆಗೆ ಹೋಗಿರುವ ಸಂಭವ ಇದೆ. ಅದಕ್ಕೆ ಆ ಹೆಂಗಸು ತನ್ನ ಭಾಷೆಯಲ್ಲಿ ಏನೆಂದಳೋ!

ಪ್ರಿಸ್ಕಸ್ ಬರೆದ ರೀತಿಯನ್ನು ಗಮನಿಸಬೇಕು. ಮೆದೋಸ್ ಎಂಬುದು ಹೂಣರ ಪದ ಎಂದು ಅವನು ಹೇಳಲಿಲ್ಲ. ಅಲ್ಲಿನವರು ಹಾಗೆನ್ನುತ್ತಾರೆ ಎಂದಷ್ಟೇ ಹೇಳಿದ. ಆ ಹಳ್ಳಿಗಳಲ್ಲಿ ಇದ್ದವರು ಹೂಣರೇ ಆಗಬೇಕಿರಲಿಲ್ಲ. ಅವರ ಆಳ್ವಿಕೆಗೆ ಸಿಕ್ಕ ನೂರಾರು ಬಗೆಯ ಜನರಲ್ಲಿ ಯಾರೂ ಆಗಿರಬಹುದು. ತನ್ನ ಕಿವಿಗೆ ಬಿದ್ದದ್ದನ್ನು ಯಾರ ಬಾಯಿಂದ ಬಿತ್ತೋ ಅವರ ಲೆಕ್ಕಕ್ಕೇ ಬರೆದ, ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ಶತ್ರುವಿನ ನೆಲದಲ್ಲಿ ಎಲುಬು ತುಳಿದುಕೊಂಡು ಬಂದವನೊಬ್ಬ ಇಷ್ಟು ಎಚ್ಚರ ಉಳಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ಅವನ ಪುಸ್ತಕ ಕೂಡ ಪೂರ್ತಿಯಾಗಿ ಉಳಿದಿಲ್ಲ. ಹತ್ತನೇ ಶತಮಾನದಲ್ಲಿ ಬೈಜಾಂಟಿಯಂನ ಚಕ್ರವರ್ತಿ ಏಳನೇ ಕಾನ್‌ಸ್ಟಂಟೈನ್ ದೂತರ ವೃತ್ತಾಂತಗಳನ್ನು ಆರಿಸಿ ಬರೆಸಿದ ಸಂಗ್ರಹದಲ್ಲಿ ಸೇರಿಕೊಂಡ ತುಣುಕುಗಳಿಂದ ನಮಗೆ ಸಿಕ್ಕಿರುವುದು.

ಅವನ ಆ ಎಚ್ಚರಕ್ಕೆ ಬೆಲೆ ಬಂದದ್ದು ಪದಗಳನ್ನು ತೂಗಿ ನೋಡಿದಾಗ. ಮೆದೋಸ್ ಎಂದಾಕ್ಷಣ ನಮಗೆ ಮಧು ನೆನಪಾಗುತ್ತದೆ. ನೆನಪಾಗಬೇಕಾದದ್ದೇ, ಎರಡೂ ಒಂದೇ ಬೇರಿನವು. ಸ್ಲಾವ್, ಜರ್ಮಾನಿಕ್ ನುಡಿಗಳಲ್ಲೂ ಆ ಬೇರಿನ ಪದಗಳಿವೆ, ಹಾಗಾಗಿ ಅದು ಹೂಣರ ಸ್ವಂತದ್ದು ಎನ್ನಲು ಬರುವುದಿಲ್ಲ. ಕಾಮೋನ್ ಆದರೋ, ಚಕ್ರವರ್ತಿ ಡಯೊಕ್ಲೀಷಿಯನ್ 301ರಲ್ಲಿ ಹೊರಡಿಸಿದ ಬೆಲೆಪಟ್ಟಿಯಲ್ಲೇ ಇದೆ; ಹೂಣರು ಯುರೋಪಿಗೆ ಕಾಲಿಡುವುದಕ್ಕೆ ಎರಡು ತಲೆಮಾರು ಮೊದಲು. ಮೂರನೆಯದು ಸ್ಟ್ರಾವ, ಅಟಿಲನ ಗೋರಿಯ ಮೇಲೆ ನಡೆದ ಸಾವಿನ ಊಟದ ಹೆಸರು. ಇದನ್ನು ಕೊಟ್ಟವನು 551ರ ಸುಮಾರಿಗೆ ಗಾಥರ ಚರಿತ್ರೆ ಬರೆದ ಜೊರ್ಡಾನೆಸ್. ಸ್ಲಾವ್ ನುಡಿಗಳಲ್ಲಿ ಊಟಕ್ಕೆ ಇಂಥದೇ ಪದವಿದೆ, ಗಾಥಿಕ್‌ನಿಂದಲೂ ಅದನ್ನು ವಿವರಿಸಬಹುದು. ದ್ನೀಪರ್ ನದಿಗೆ ಹೂಣರು ತಮ್ಮ ನುಡಿಯಲ್ಲಿ ವರ್ ಎನ್ನುತ್ತಾರೆ ಎಂಬುದೂ ಜೊರ್ಡಾನೆಸನ ಮಾತೇ. ಅದಕ್ಕೂ ಒಂದಕ್ಕಿಂತ ಹೆಚ್ಚು ಕಡೆಯಿಂದ ವಾರಸುದಾರರಿದ್ದಾರೆ. ಹೀಗೆ ಕೈಗೆ ಬಂದ ಮೂರೂ ಕಾಸು ಬೇರೆಯವರ ಟಂಕದವು ಎಂದಾಯಿತು.

ಹಾಗಾದರೆ ಹೂಣ ನುಡಿಯೇ ಇರಲಿಲ್ಲವೆ? ಇತ್ತು. ಇವರು ಹಲವು ಕುಲಗಳು ಕೂಡಿ ಆದ ಜನ, ತಮ್ಮ ತಮ್ಮ ನುಡಿಯ ಜೊತೆಗೆ ಹೂಣರದನ್ನೋ ಗಾಥರದನ್ನೋ ಕಲಿಯುತ್ತಾರೆ, ರೋಮಿನವರೊಡನೆ ವ್ಯವಹಾರ ಇರುವವರು ಲ್ಯಾಟಿನನ್ನೂ ಕಲಿಯುತ್ತಾರೆ ಎಂದು ಪ್ರಿಸ್ಕಸ್ ಸ್ಪಷ್ಟವಾಗಿ ಬರೆದಿದ್ದಾನೆ. ಅಟಿಲನ ಔತಣದಲ್ಲಿ ಇಬ್ಬರು ಅವನ ಗೆಲುವುಗಳನ್ನು ಹಾಡಿದಾಗ ಮುದುಕರ ಕಣ್ಣಲ್ಲಿ ನೀರು ಬಂತಂತೆ. ಆಮೇಲೆ ಜೆರ್ಕೊನ್ ಎಂಬ ವಿದೂಷಕ ಲ್ಯಾಟಿನ್, ಹೂಣ, ಗಾಥಿಕ್ ಮೂರನ್ನೂ ಕಲಸಿ ಮಾತಾಡಿ ಎಲ್ಲರನ್ನೂ ಬಿದ್ದು ಬಿದ್ದು ನಗುವಂತೆ ಮಾಡಿದ, ಅಟಿಲನೊಬ್ಬ ಮಾತ್ರ ನಗಲಿಲ್ಲ. ಅಳಿಸುವ ಹಾಡು, ನಗಿಸುವ ಹಾಸ್ಯ ಎರಡೂ ಆ ಭಾಷೆಗೆ ಒಗ್ಗಿದ್ದವು ಎಂದಾಯಿತು. ಬರೆದಿಡುವ ರೂಢಿಯೊಂದು ಇರಲಿಲ್ಲ. ಅಟಿಲನ ಪತ್ರಗಳನ್ನು ಬರೆಯುತ್ತಿದ್ದವರು ರೋಮಿನ ಕಡೆಯವರು: ಇಟಲಿಯಿಂದ ಬಂದ ಕಾನ್‌ಸ್ಟಾಂಟಿಯಸ್, ಸೆರೆಸಿಕ್ಕ ರಸ್ಟೀಸಿಯಸ್, ಮತ್ತೆ ಒರೆಸ್ಟಿಸ್. ಈ ಒರೆಸ್ಟಿಸನ ಮಗನೇ 476ರಲ್ಲಿ ಸಿಂಹಾಸನ ಕಳೆದುಕೊಂಡ ಪಶ್ಚಿಮ ರೋಮಿನ ಕಡೆಯ ಚಕ್ರವರ್ತಿ.

ಎರಡೂ ಕಡೆಯ ಭಾಷೆ ಬಲ್ಲವರು ಇದ್ದರು. ರಾಯಭಾರದ ದುಭಾಷಿ ವಿಗಿಲಾಸ್ ಅವರಲ್ಲೊಬ್ಬ. ಆದರೆ ಅವನು ಆ ವಿದ್ಯೆಯನ್ನು ಯಾವುದಕ್ಕೆ ಬಳಸಿದ ನೋಡಿ. ಚಕ್ರವರ್ತಿಯ ಆಪ್ತ ಕ್ರೈಸಾಫಿಯಸ್ ಹೂಣ ಸರದಾರ ಎದೆಕೋನಿಗೆ ಲಂಚದ ಆಸೆ ತೋರಿಸಿ ಅಟಿಲನನ್ನು ಕೊಲ್ಲಿಸುವ ಸಂಚು ಹೂಡಿದಾಗ, ಇಬ್ಬರ ನಡುವೆ ಮಾತು ತಿರುವಿ ಹೇಳಿದವನು ಇವನೇ. ಆ ಸಂಚು ಪ್ರಿಸ್ಕಸ್‌ಗೂ ಗೊತ್ತಿರಲಿಲ್ಲ. ಎದೆಕೋ ಎಲ್ಲವನ್ನೂ ಅಟಿಲನಿಗೆ ತಿಳಿಸಿಬಿಟ್ಟಿದ್ದ. ಇನ್ನೊಬ್ಬರ ಭಾಷೆ ಬಲ್ಲವನಿಗೆ ಅವರನ್ನು ಅರಿಯುವ ದಾರಿಯೂ ತೆರೆದಿರುತ್ತದೆ, ಅವರ ಮನೆಯೊಳಗೆ ಕನ್ನ ಹಾಕುವ ದಾರಿಯೂ ತೆರೆದಿರುತ್ತದೆ. ವಿಗಿಲಾಸ್ ಕುಳಿತು ನೂರು ಪದ ಬರೆದಿಟ್ಟಿದ್ದರೆ ಸಾಕಿತ್ತು, ಇಂದಿನ ವಾದವೆಲ್ಲ ಇತ್ಯರ್ಥವಾಗುತ್ತಿತ್ತು. ಶತ್ರುವಿನ ನುಡಿಗೆ ಅಷ್ಟು ಬೆಲೆಯಿದೆ ಎಂದು ಅವನಿಗೆ ಅನ್ನಿಸಲಿಲ್ಲ.

ಅದಕ್ಕೂ ಮೊದಲೇ ಬೇರೆಡೆ ಬೇರೆ ರೀತಿ ನಡೆದಿತ್ತು. ಗಾಥರಿಗಾಗಿ ವುಲ್ಫಿಲ ನಾಲ್ಕನೇ ಶತಮಾನದಲ್ಲೇ ಲಿಪಿ ಕಟ್ಟಿ ಬೈಬಲನ್ನು ಅನುವಾದಿಸಿದ್ದ. ಅರ್ಮೇನಿಯದಲ್ಲಿ 405ರ ಸುಮಾರಿಗೆ ಮೆಸ್ರೊಪ್ ಮಾಶ್ಟೊಟ್ಸ್ ಅಕ್ಷರಮಾಲೆ ರೂಪಿಸಿದ. ಹೂಣರ ಮುಂದೆ ಓಡಿದ ಗಾಥರ ಮಾತು ಇಂದು ವ್ಯಾಕರಣ, ಪದಕೋಶ ಸಮೇತ ಸಿಗುತ್ತದೆ. ಓಡಿಸಿದವರ ಮಾತು ಸಿಗುವುದಿಲ್ಲ. ಆರನೇ ಶತಮಾನದಲ್ಲಿ ಕಾಕಸಸ್ ಪರ್ವತದ ಬಡಗಲ ಹೂಣರ ನಡುವೆ ಹೋದ ಪಾದ್ರಿಗಳು ಅವರ ನುಡಿಯಲ್ಲಿ ಪುಸ್ತಕ ಸಿದ್ಧಪಡಿಸಿದರು ಎಂದು ಸಿರಿಯಾಕ್ ಭಾಷೆಯ ಚರಿತ್ರೆಯೊಂದು ಹೇಳುತ್ತದೆ. ಒಂದು ಹಾಳೆಯೂ ಸಿಕ್ಕಿಲ್ಲ.

ನಮ್ಮ ದೇಶಕ್ಕೆ ಬಂದ ಹೂಣರ ಕಥೆಯೂ ಇದೇ. ಅವರಿಗೂ ಯುರೋಪಿನ ಹೂಣರಿಗೂ ನಂಟು ಎಷ್ಟು ಎಂಬುದು ಇನ್ನೂ ವಾದದ ವಿಷಯ. ಅವರ ದೊರೆ ತೋರಮಾಣನ ಕಾಲದ ಶಾಸನ ಮಧ್ಯಪ್ರದೇಶದ ಏರಣದಲ್ಲಿ ವರಾಹಮೂರ್ತಿಯ ಮೈಮೇಲಿದೆ, ಅವನ ಮಗ ಮಿಹಿರಕುಲನ ಕಾಲದ್ದು ಗ್ವಾಲಿಯರ್‌ನಲ್ಲಿ ಸಿಕ್ಕಿತು. ಎರಡೂ ಸಂಸ್ಕೃತದಲ್ಲಿವೆ. ಗೆದ್ದವರು ಸೋತವರ ಭಾಷೆಯಲ್ಲಿ ಮಾತಾಡಿ ಹೋದರು. ಬುದ್ಧನ ಜೀವನ ಹೇಳುವ ಲಲಿತವಿಸ್ತರದಲ್ಲಿ ಬಾಲಕ ಸಿದ್ಧಾರ್ಥ ಗುರುವಿನ ಮುಂದೆ 64 ಲಿಪಿಗಳ ಹೆಸರು ಹೇಳುತ್ತಾನೆ. ಅವುಗಳಲ್ಲಿ ಹೂಣಲಿಪಿಯೂ ಒಂದು. ಲಿಪಿಯ ಹೆಸರು ಪಟ್ಟಿಯಲ್ಲಿ ಕುಳಿತಿದೆ, ಆ ಲಿಪಿಯ ಒಂದು ಅಕ್ಷರ ಎಲ್ಲಿಯೂ ಇಲ್ಲ.

ಪದಗಳು ಕೈಕೊಟ್ಟ ಮೇಲೆ ಉಳಿದದ್ದು ಹೆಸರುಗಳು. ಅಟಿಲ ಎಂಬುದನ್ನು ಗಾಥಿಕ್‌ನಿಂದ ಬಿಡಿಸಿದರೆ ಪುಟ್ಟ ಅಪ್ಪ, ಅಪ್ಪಯ್ಯ ಎಂಬಂಥ ಅರ್ಥ ಬರುತ್ತದೆ. ಅವನ ಮಗ ದೆಂಗಿಝಿಕನ ಹೆಸರಿನಲ್ಲಿ ಸಮುದ್ರ ಎಂಬ ತುರ್ಕಿ ಪದ ಕಾಣುತ್ತದೆ. ಇನ್ನು ಕೆಲವು ಹೆಸರುಗಳು ಇರಾನಿ ಎನ್ನಿಸುತ್ತವೆ. ಆದರೆ ಹೆಸರಿನಿಂದ ಭಾಷೆ ಹೇಳಹೋದರೆ ಏನಾಗುತ್ತದೆ ಎಂದು ಜೊರ್ಡಾನೆಸ್ ಆಗಲೇ ಎಚ್ಚರಿಸಿದ್ದಾನೆ: ರೋಮಿನವರು ಮೆಸಿಡೋನಿಯದ ಹೆಸರಿಡುತ್ತಾರೆ, ಗ್ರೀಕರು ರೋಮಿನದು, ಸಾರ್ಮಾಷಿಯನ್ನರು ಜರ್ಮಾನಿಕ್, ಗಾಥರು ಎಷ್ಟೋ ಸಲ ಹೂಣರದು. ಮಂಗಳೂರಿನ ಕ್ರೈಸ್ತರ ಡಿಸೋಜ, ಪಿಂಟೊಗಳನ್ನು ನೋಡಿ, ಇವರು ಮನೆಯಲ್ಲಿ ಪೋರ್ಚುಗೀಸ್ ಆಡುತ್ತಿದ್ದರು ಎಂದು ಸಾವಿರ ವರ್ಷದ ನಂತರ ಯಾರಾದರೂ ಬರೆದರೆ, ಅವರ ಕೊಂಕಣಿಯ ಗತಿ ಏನು?

ಇಷ್ಟು ಬರಿದಾದ ಜಾಗಕ್ಕೆ ಮೊದಲು ಕಾಲಿಟ್ಟದ್ದು ಅಸಹ್ಯ. ನಾಲ್ಕನೇ ಶತಮಾನದ ಕೊನೆಯಲ್ಲಿ ಬರೆದ ಅಮ್ಮಿಯಾನಸ್ ಮಾರ್ಸೆಲಿನಸ್, ಹೂಣರು ಕುದುರೆಗೆ ಅಂಟಿಕೊಂಡೇ ಬದುಕುತ್ತಾರೆ, ತೊಡೆಯ ಕೆಳಗಿಟ್ಟು ಬೆಚ್ಚಗಾದ ಹಸಿಮಾಂಸ ತಿನ್ನುತ್ತಾರೆ, ಎರಡು ಕಾಲಿನ ಮೃಗಗಳು ಎಂದ. ಅವನು ಅವರ ನಡುವೆ ಇದ್ದು ಕಂಡು ಬರೆದವನಲ್ಲ. ಅವನ ಚಿತ್ರವೇ ಹದಿನೈದು ಶತಮಾನ ಓಡಿತು. 1900ರ ಜುಲೈ 27ರಂದು ಬ್ರೆಮರ್‌ಹಾವೆನ್ ಬಂದರಿನಲ್ಲಿ, ಚೀನಾಕ್ಕೆ ಹೊರಟ ಸೈನಿಕರಿಗೆ ಹೂಣರಂತೆ ಹೆಸರು ಗಳಿಸಿಬನ್ನಿ ಎಂದು ಕೈಸರ್ ಎರಡನೇ ವಿಲ್‌ಹೆಲ್ಮ್ ಹುರಿದುಂಬಿಸಿದ. 1914ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷರು ಜರ್ಮನರನ್ನೇ ಹೂಣರೆಂದು ಕರೆದು ಬೈದರು. ಹೊಗಳಿಕೆಗೂ ಬೈಗುಳಕ್ಕೂ ಒಂದೇ ಸತ್ತ ಜನ ಸಾಕಾಯಿತು. ಆ ಎರಡರಲ್ಲಿ ಯಾವುದೂ ಅವರನ್ನು ಕೇಳಿ ಆಡಿದ್ದಲ್ಲ.

ಆಮೇಲೆ ಬಂದದ್ದು ಅಭಿಮಾನ. 1280ರ ದಶಕದಲ್ಲಿ ಹಂಗೇರಿಯ ಅರಮನೆಯ ಪಾದ್ರಿ ಕೇಜಾದ ಸಿಮೊನ್, ಹೂಣರೂ ಹಂಗೇರಿಯನ್ನರೂ ಒಂದೇ ಎಂದು ಚರಿತ್ರೆ ಬರೆದ. ಇಂದಿಗೂ ಹಂಗೇರಿಯಲ್ಲಿ ಅಟಿಲ ಎಂದು ಗಂಡುಮಕ್ಕಳಿಗೆ ಹೆಸರಿಡುತ್ತಾರೆ. ತುರ್ಕಿಯ ರಾಷ್ಟ್ರಾಧ್ಯಕ್ಷರ ಲಾಂಛನದಲ್ಲಿರುವ 16 ನಕ್ಷತ್ರಗಳು 16 ತುರ್ಕಿ ಸಾಮ್ರಾಜ್ಯಗಳಿಗಾಗಿ. ಯುರೋಪಿನ ಹೂಣರದೂ ಅದರಲ್ಲಿ ಒಂದು. 1769ರಲ್ಲಿ ಶುಕ್ರ ಗ್ರಹ ಸೂರ್ಯನ ಮುಂದೆ ಹಾಯುವುದನ್ನು ನೋಡಲು ನಾರ್ವೆಯ ಬಡಗಣ ತುದಿಗೆ ಹೋದ ಹಂಗೇರಿಯ ಜೆಸುಯಿಟ್ ಯಾನೋಶ್ ಶಾಯ್ನೋವಿಚ್, ಅಲ್ಲಿನ ಸಾಮಿ ಜನರ ಮಾತು ಕೇಳಿದ. ಹಂಗೇರಿಯನ್ ಭಾಷೆಯ ನೆಂಟಸ್ತಿಕೆ ಅದರೊಡನೆ ಇದೆ ಎಂದು 1770ರಲ್ಲಿ ಪುಸ್ತಕ ಬರೆದ. ಭಾಷಾಶಾಸ್ತ್ರ ಆ ನೆಂಟಸ್ತಿಕೆಯನ್ನು ಇಂದು ಒಪ್ಪಿದೆ. ಅವನ ಕಾಲದ ಎಷ್ಟೋ ಜನಕ್ಕೆ ಮಾತ್ರ ಅದು ಅವಮಾನವಾಗಿ ಕಂಡಿತು, ಮೀನೆಣ್ಣೆ ವಾಸನೆಯ ನೆಂಟಸ್ತಿಕೆ ನಮಗೆ ಬೇಡ ಎಂದರು. ನಗರಗಳನ್ನು ಸುಟ್ಟವನು ಅಜ್ಜನಾಗಬಹುದು, ಮೀನು ಹಿಡಿದು ಬದುಕುವವನು ದಾಯಾದಿಯಾಗಬಾರದು! ಪೂರ್ವಜರನ್ನು ಹುಡುಕುತ್ತೇವೆ ಎಂದು ಹೇಳಿಕೊಂಡು ನಾವು ಅವರನ್ನು ಆರಿಸಿಕೊಳ್ಳುತ್ತಿರುತ್ತೇವೆ.

ಇದನ್ನೆಲ್ಲ ದೂರದ ಜನರ ಮರುಳು ಎಂದು ನಗುವ ಮುಂಚೆ ನಮ್ಮದೊಂದನ್ನು ನೆನೆಯುವುದು ನ್ಯಾಯ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಎರಡನೇ ಶತಮಾನದ ಒಂದು ಪ್ಯಾಪಿರಸ್‌ನಲ್ಲಿ ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಖಾರಿಟಿಯೋನ್ ಎಂಬ ಗ್ರೀಕ್ ಹೆಣ್ಣಿನ ಕಥೆ ಅದು. ಅದರಲ್ಲಿ ಅಲ್ಲಿನ ಅರಸ ಮತ್ತು ಜನ ಗ್ರೀಕ್ ಅಲ್ಲದ ಮಾತಾಡುತ್ತಾರೆ. ಅದು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಷ್ ಸೂಚಿಸಿದರು. ಆರ್. ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದನ್ನು ಮುಂದುವರಿಸಿದರು. ಅದು ತುಳು ಎಂದವರಿದ್ದಾರೆ. ಯಾವ ಭಾಷೆಯೂ ಅಲ್ಲ, ನಗಿಸಲು ಬರೆದ ಗಿಲಿಬಿಲಿ ಇರಬಹುದು ಎಂದವರೂ ಇದ್ದಾರೆ. ವಿದ್ವಾಂಸರು ತಮ್ಮ ಕಾರಣ ಕೊಟ್ಟು ವಾದಿಸಿದರು. ನಾವು ಸಭೆಗಳಲ್ಲಿ ಅದನ್ನು ಎತ್ತಿಕೊಂಡಾಗ ಕಾರಣಗಳು ಉದುರಿಹೋಗಿ ಹೆಮ್ಮೆಯೊಂದೇ ಉಳಿಯುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಗ್ರೀಕ್ ನಾಟಕದಲ್ಲಿ ಕನ್ನಡ ಎಂದು ಹೇಳುವಾಗ ಇರಬಹುದು ಎಂಬ ಪದವನ್ನು ನುಂಗುವವರಲ್ಲಿ ನಾನೂ ಒಬ್ಬ, ನೀವೂ ಇರಬಹುದು.

ಮನೆಗಳಲ್ಲಿ ಇದು ದಿನವೂ ನಡೆಯುತ್ತದೆ. ಆಸ್ತಿ ಪಾಲಿನ ಮಾತು ಬಂದಾಗ ಸತ್ತ ಅಪ್ಪನ ಹೆಸರು ಎತ್ತದವರು ಯಾರು? ಮೇಲಿನ ತೋಟ ನನಗೇ ಅಂತ ಅಪ್ಪಯ್ಯ ಅಂದಿದ್ದರು ಎಂದು ಹಿರಿಯವನು ಹೇಳುತ್ತಾನೆ. ಇಲ್ಲ ಕಣೋ, ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಬೇರೆಯೇ ಹೇಳಿದರು ಎಂದು ಕಿರಿಯವನು ಹೇಳುತ್ತಾನೆ. ಇಬ್ಬರೂ ಬೇಕೆಂದೇ ಸುಳ್ಳಾಡುತ್ತಿರಬೇಕೆಂದಿಲ್ಲ. ಅರ್ಧ ನೆನಪು, ಅರ್ಧ ಆಸೆ ಕೂಡಿಕೊಂಡಾಗ ಆಸೆಯೇ ನೆನಪಿನ ದನಿಯಲ್ಲಿ ಮಾತಾಡತೊಡಗುತ್ತದೆ. ಅದನ್ನು ತಡೆಯಬಲ್ಲವನು ಒಬ್ಬನೇ ಇದ್ದ, ಅವನು ಎದ್ದು ಬಂದು ನಾನು ಹಾಗೆ ಅನ್ನಲಿಲ್ಲವಲ್ಲೋ ಎನ್ನುವಂತಿಲ್ಲ. ಬದುಕಿರುವವರ ವಿಷಯದಲ್ಲಿ ನಮ್ಮನ್ನು ಪ್ರಾಮಾಣಿಕರಾಗಿ ಇಡುವುದು ಎಷ್ಟೋ ಸಲ ನಮ್ಮ ಒಳ್ಳೆಯತನ ಅಲ್ಲ, ಅವರು ಎದುರು ಹೇಳಿಯಾರು ಎಂಬ ಅಂಜಿಕೆ. ಆ ಅಂಜಿಕೆ ಇಲ್ಲದ ಕಡೆಯೇ ನಮ್ಮ ಪ್ರಾಮಾಣಿಕತೆಗೆ ನಿಜವಾದ ಪರೀಕ್ಷೆ.

ಹಾಗೆಂದು ಬಾಯಿ ಮುಚ್ಚಿಕೊಂಡು ಕೂರುವುದೇ ಸತ್ಯವಂತರ ಲಕ್ಷಣ ಎನ್ನುವುದೂ ಸರಿಯಲ್ಲ. ಊಹಿಸದಿದ್ದರೆ ಹೂಣರು ಇನ್ನೊಮ್ಮೆ ಸತ್ತಂತೆಯೇ. ಚೀನಾದ ಬಡಗಲ ಗಡಿಯನ್ನು ಶತಮಾನಗಳ ಕಾಲ ಕಾಡಿದ ಶಿಯೊಂಗ್ನು ಜನರೇ ಪಶ್ಚಿಮಕ್ಕೆ ಹೋಗಿ ಹೂಣರಾದರು ಎಂದು 18ನೇ ಶತಮಾನದಲ್ಲಿ ಫ್ರಾನ್ಸಿನ ದ ಗೀಞ್ ಊಹಿಸಿದ. ಅದಕ್ಕೆ ಸಣ್ಣ ಸಣ್ಣ ಆಧಾರಗಳು ಆಮೇಲೆ ಸಿಗುತ್ತ ಹೋದವು. ದುನ್‌ಹುವಾಂಗ್ ಬಳಿ 1907ರಲ್ಲಿ ಔರೆಲ್ ಸ್ಟೈನ್‌ಗೆ ಸಿಕ್ಕ ಸೋಗ್ಡಿಯನ್ ವರ್ತಕರ ಪತ್ರವೊಂದು, ಚೀನಾದ ರಾಜಧಾನಿಯನ್ನು ಹಾಳುಗೆಡವಿದ ಶಿಯೊಂಗ್ನುಗಳನ್ನು ಹೂಣ ಎಂಬ ಹೆಸರಿನಿಂದಲೇ ಕರೆಯುತ್ತದೆ. ಸಂಸ್ಕೃತ ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದ ಧರ್ಮರಕ್ಷ, ಹೂಣ ಎಂಬಲ್ಲಿ ಶಿಯೊಂಗ್ನು ಎಂದು ಬರೆದ. ಹಾರ್ವರ್ಡ್‌ನಲ್ಲಿದ್ದ ಒಮೆಲ್ಯಾನ್ ಪ್ರಿತ್ಸಾಕ್ 1982ರಲ್ಲಿ ಅಟಿಲನ ಮನೆತನದ ಹೆಸರುಗಳನ್ನೆಲ್ಲ ಬಿಡಿಸಿ, ಇದು ತುರ್ಕಿಯ ಹತ್ತಿರದ ನುಡಿ ಎಂದರು. ಜರ್ಮನಿಯ ಗೆರ್ಹಾರ್ಡ್ ಡೋರ್ಫರ್, ಇಷ್ಟು ಕಡಿಮೆ ಸಾಮಗ್ರಿಯಿಂದ ಏನನ್ನೂ ನಿರ್ಧರಿಸಲಾಗದು ಎಂದರು. ಹೂಣರಿಗಾಗಿ ದಶಕಗಟ್ಟಲೆ ದುಡಿದ ಓಟೊ ಮೆನ್‌ಷೆನ್-ಹೆಲ್ಫೆನ್ ಹೆಸರುಗಳನ್ನು ತುರ್ಕಿ, ಜರ್ಮಾನಿಕ್, ಇರಾನಿ, ಮಿಶ್ರ, ಮೂಲ ತಿಳಿಯದ್ದು ಎಂದು ಬೇರೆ ಬೇರೆ ಗುಂಪು ಮಾಡಿಟ್ಟರು. ಅವರ ಪುಸ್ತಕ 1973ರಲ್ಲಿ, ಅವರು ತೀರಿಕೊಂಡ ಮೇಲೆ ಹೊರಬಂತು. ಮೂಲ ತಿಳಿಯದ್ದು ಎಂಬ ಆ ಒಂದು ಗುಂಪನ್ನು ಉಳಿಸಿಕೊಂಡದ್ದಕ್ಕೆ ನನಗೆ ಅವರ ಮೇಲೆ ಗೌರವ. ಹಟ ಹಿಡಿದಿದ್ದರೆ ಅದನ್ನೂ ತುಂಬಬಹುದಿತ್ತು.

2025ರಲ್ಲಿ ಸ್ವೆನ್ಯಾ ಬೋನ್‌ಮಾನ್ ಮತ್ತು ಸೈಮನ್ ಫ್ರೀಸ್ ಎಂಬ ಇಬ್ಬರು ಭಾಷಾಶಾಸ್ತ್ರಜ್ಞರು ಹೊಸ ವಾದ ಮುಂದಿಟ್ಟಿದ್ದಾರೆ. ಶಿಯೊಂಗ್ನುಗಳೂ ಹೂಣರ ಮೇಲ್ವರ್ಗದವರೂ ಸೈಬೀರಿಯಾದ ಯೆನಿಸೇಯ ಕುಟುಂಬದ ಅರಿನ್ ಎಂಬ ನುಡಿಯ ಹಳೆಯ ರೂಪವನ್ನು ಆಡುತ್ತಿದ್ದರು, ಅಟಿಲನ ಹೆಸರು ಕೂಡ ಅದರಿಂದಲೇ ಬಂದದ್ದು ಎಂದು. ಅದೇ ವರ್ಷ 370 ಜನರ ಹಳೆಯ ಮೂಳೆಗಳ ಡಿಎನ್‌ಎ ಓದಿದ ಇನ್ನೊಂದು ಅಧ್ಯಯನ, ಹೂಣರ ಕಾಲದ ಹಂಗೇರಿ ಬಯಲಿನಲ್ಲಿ ಹೂತ ಕೆಲವರಿಗೆ ಶಿಯೊಂಗ್ನು ಸರದಾರರೊಡನೆ ರಕ್ತಸಂಬಂಧ ಇತ್ತು, ಉಳಿದವರು ಹತ್ತಾರು ಕಡೆಯಿಂದ ಬಂದು ಬೆರೆತವರು ಎಂದಿತು. ಭಾಷೆಯ ಕುರಿತ ಈ ಹೊಸ ವಾದ ನಾಳೆ ನಿಲ್ಲಬಹುದು, ಬೀಳಬಹುದು. ಬೀಳುವ ಅವಕಾಶ ಇಟ್ಟುಕೊಂಡೇ ಅದು ಹೊರಬಂದಿದೆ: ಯಾವ ಪದ, ಯಾವ ಧ್ವನಿನಿಯಮ, ಯಾವ ಹಂತದಲ್ಲಿ ಊಹೆ ಎಂದು ಬಿಡಿಸಿಟ್ಟಿದೆ, ತಪ್ಪು ಹಿಡಿಯಬಲ್ಲವರಿಗೆ ಬಾಗಿಲು ತೆರೆದಿದೆ. ಲಾಂಛನದ ನಕ್ಷತ್ರದೊಡನೆ ಹೀಗೆ ವಾದಿಸಲು ಬರುವುದಿಲ್ಲ. ಸತ್ತವರ ಬಗ್ಗೆ ಹೇಳುವ ಎರಡು ಬಗೆಗಳ ನಡುವೆ ನಾನು ಕಾಣುವ ಗೆರೆ ಇದು. ಊಹಿಸುವವನು ತನ್ನನ್ನು ಸುಳ್ಳೆಂದು ತೋರಿಸುವ ದಾರಿಯನ್ನೂ ತಾನೇ ತೋರಿಸುತ್ತಾನೆ. ಹಕ್ಕು ಸಾಧಿಸುವವನು ಆ ದಾರಿಗೆ ಮುಳ್ಳುಬೇಲಿ ಹಾಕುತ್ತಾನೆ.

ಅರಿನ್ ನುಡಿ 18ನೇ ಶತಮಾನದಲ್ಲಿ ಸತ್ತಿತು. ಅದರ ಪದಗಳು ಒಂದಿಷ್ಟಾದರೂ ಉಳಿದಿದ್ದರೆ, ರಷ್ಯಾದ ಪರವಾಗಿ ಸೈಬೀರಿಯಾ ಸುತ್ತಿದ ಗೆರ್ಹಾರ್ಡ್ ಫ್ರೀಡ್ರಿಖ್ ಮ್ಯೂಲರ್‌ನಂಥವರು ಕೊನೆಯ ಮಾತುಗಾರರನ್ನು ಕೂರಿಸಿಕೊಂಡು ಕೇಳಿ ಬರೆದದ್ದರಿಂದ. ಆ ಕುಟುಂಬದಲ್ಲಿ ಇಂದು ಜೀವ ಹಿಡಿದುಕೊಂಡಿರುವುದು ಕೆಟ್ ಎಂಬ ಒಂದೇ ಭಾಷೆ. ಯೆನಿಸೇ ನದಿಯ ದಡದಲ್ಲಿ ಬೇಟೆಯಾಡಿ, ಮೀನು ಹಿಡಿದು ಬದುಕುತ್ತ ಬಂದ ಕೆಟ್ ಜನ ಸುಮಾರು ಸಾವಿರ ಇದ್ದಾರೆ. ಅವರಲ್ಲಿ ತಮ್ಮ ನುಡಿಯನ್ನು ಚೆನ್ನಾಗಿ ಆಡಬಲ್ಲವರು ಕೆಲವೇ ಹಿರಿಯರು. ಸೋವಿಯತ್ ಕಾಲದ ವಸತಿ ಶಾಲೆಗಳಲ್ಲಿ ಮಕ್ಕಳ ಬಾಯಿಂದ ಅದು ಉದುರಿಹೋಯಿತು. ಹೊಸ ವಾದ ನಿಜವಾದರೆ, ಅಟಿಲನ ಹಿರಿಯರ ಮಾತಿಗೆ ಹತ್ತಿರದ ನೆಂಟರು ಈ ಬೆಸ್ತರು. ಅಟಿಲನಿಗಾಗಿ ಕಾದಾಡುವವರಲ್ಲಿ ಈ ನೆಂಟಸ್ತಿಕೆ ಬೇಕು ಎನ್ನುವವರು ಎಷ್ಟು ಜನ ಇರಬಹುದು? ವಾದ ಸುಳ್ಳಾದರೂ ಒಂದು ಮಾತು ಉಳಿಯುತ್ತದೆ. ಸತ್ತ ಭಾಷೆಯೊಂದರ ವಾರಸಿಗೆ ದೇಶ ದೇಶಗಳು ಕೈಯೆತ್ತುವಾಗ, ಇನ್ನೂ ಎದುರು ಮಾತಾಡಬಲ್ಲ ಮುದುಕರು ಕೇಳುವವರಿಲ್ಲದೆ ಕೂತಿರುತ್ತಾರೆ. ಅವರು ಬದುಕಿರುವುದರಿಂದ ನಮ್ಮ ಇಷ್ಟದಂತೆ ಅವರನ್ನು ಬರೆಯಲಾಗುವುದಿಲ್ಲ, ಬಹುಶಃ ಅದಕ್ಕೇ ಅವರ ಬಳಿ ಯಾರೂ ಹೋಗುವುದಿಲ್ಲ.

ಪ್ರಿಸ್ಕಸ್ ಮಾಡಿದ್ದು ಎರಡೇ ಕೆಲಸ. ಎದುರಿದ್ದವರು ಆಡಿದ್ದನ್ನು ಕಿವಿಗೊಟ್ಟು ಕೇಳಿದ. ಕೇಳಿದ್ದಕ್ಕೆ ತನ್ನದನ್ನು ಸೇರಿಸಲಿಲ್ಲ. ಈ ಎರಡನ್ನೂ ರೂಢಿಸಿಕೊಳ್ಳಲು ಗ್ರೀಕ್ ಪಂಡಿತನಾಗಬೇಕಿಲ್ಲ. ಅಜ್ಜಿಯ ಮಾತನ್ನು ಅಜ್ಜಿ ಇರುವಾಗಲೇ ಕೇಳಿಕೊಳ್ಳಬಹುದು. ಅವಳು ಹೋದ ಮೇಲೆ ಅವಳ ಹೆಸರಿನಲ್ಲಿ ಮಾತಾಡಬೇಕಾಗಿ ಬಂದರೆ, ಅವಳು ಅಂದದ್ದು ಇಷ್ಟು, ಮುಂದಿನದು ನನ್ನ ಊಹೆ ಎಂದು ಗೆರೆ ಎಳೆಯಬಹುದು. ಬೇರೆ ಜಾತಿಯವರ, ಬೇರೆ ಊರಿನವರ, ಬೇರೆ ಪಕ್ಷದವರ ಬಗ್ಗೆ ಅವರಿಲ್ಲದ ಕಡೆ ಮಾತು ಬಂದಾಗಲೂ ಅದೇ ಗೆರೆ. ಅಲ್ಲ, ನಾನು ಹಾಗೆ ಹೇಳಲಿಲ್ಲ ಎನ್ನುವ ಹಕ್ಕು ಎಲ್ಲ ಮನುಷ್ಯರಿಗೂ ಇದೆ. ಅದನ್ನು ಚಲಾಯಿಸಲು ಎದುರಿಗೆ ಇಲ್ಲದವರ ಪಾಲಿಗೆ, ಆ ಹಕ್ಕನ್ನು ಕಾಯುವ ಕೆಲಸ ಮಾತಾಡುತ್ತಿರುವವನ ಮೇಲೆಯೇ ಬೀಳುತ್ತದೆ.